ಹೆಬ್ಬೆಟ್ಟಿನಿಂದ ಓಟಿಪಿ ತನಕ: ಆ ಒಪ್ಪಿಗೆ ಯಾರದು?

ಸ್ವಲ್ಪ ಉದ್ದ ಐತಿ, ಬಿಡುವಿದ್ದಾಗ ಓದ್ರಿ.

ಹಿರೇಕೆರೂರು ತಾಲ್ಲೂಕಿನ ನಮ್ಮ ಚಿಗವ್ವನಿಗೆ ಹೋದ ವರ್ಷ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. ಆಸ್ಪತ್ರೆ ಹೆಸರು ಬೇಡ. ಡಾಕ್ಟ್ರು ಒಳ್ಳೆಯವರು, ಆಪರೇಷನ್ನೂ ಚೆನ್ನಾಗೇ ಆಯ್ತು. ನಾನು ಹೇಳಬೇಕಾಗಿರೋದು ಹಿಂದಿನ ರಾತ್ರಿಯದು. ಸಿಸ್ಟರ್ ಒಬ್ಬರು ಟ್ಯಾಬ್ ಹಿಡಕೊಂಡು ಬಂದು, "ಅವ್ವಾರ, ಇಲ್ಲಿ ಬೆರಳಿಂದ ಸಹಿ ಮಾಡ್ರಿ" ಅಂದರು. ಚಿಗವ್ವ ಸಹಿ ಕಲಿತದ್ದು ಮಹಿಳಾ ಸಂಘದ ಪಾಸ್‌ಬುಕ್ಕಿಗಾಗಿ, ಪೆನ್ನು ಹಿಡಿದು. ಗಾಜಿನ ಮೇಲೆ ಬೆರಳು ಜಾರಿತು. ಎರಡು ಸಲ ಅಳಿಸಿದರು. ಮೂರನೇ ಸಲ ಸಿಸ್ಟರೇ ಅವಳ ಬೆರಳು ಹಿಡಿದು ಗೀಚಿದರು. ಆಮೇಲೆ ಓಟಿಪಿ. ಅದು ಬಂದದ್ದು ನನ್ನ ಮೊಬೈಲಿಗೆ, ಯಾಕಂದ್ರೆ ದಾಖಲು ಮಾಡುವಾಗ ನನ್ನ ನಂಬರೇ ಕೊಟ್ಟಿದ್ದೆವು. ನಾನು ಕೆಳಗೆ ಚಹಾ ಕುಡೀತಿದ್ದೆ. ಫೋನ್ ಬಂತು, ಆರು ಅಂಕಿ ಹೇಳಿದೆ. ಮುಗೀತು.

ಮೇಲೆ ಬಂದು "ಏನಂತ ಬರ್ದಿತ್ತು ಚಿಗವ್ವಾ?" ಅಂತ ಕೇಳಿದೆ. "ನನಗೇನ್ ಗೊತ್ತಪಾ, ನೀನ ಹೂಂ ಅಂದಿಯಂತಲ್ಲ" ಅಂದಳು.

ಇಪ್ಪತ್ತು ವರ್ಷದಿಂದ ಕೇರಿ ಕೇರಿಗೆ ಹೋಗಿ "ಓದದೇ ಹೆಬ್ಬೆಟ್ಟು ಒತ್ತಬೇಡ್ರಿ" ಅಂತ ಭಾಷಣ ಮಾಡಿದವನು ನಾನು. ಅವತ್ತು ಅವಳ ಹೆಬ್ಬೆಟ್ಟನ್ನ ನಾನೇ ಒತ್ತಿಬಿಟ್ಟೆ. ಆ ನಾಚಿಕೆಯಿಂದಲೇ ಇದರ ಚರಿತ್ರೆ ಹುಡುಕಲು ಕೂತೆ.

ಮೊದಲು ಹೆಬ್ಬೆಟ್ಟಿನದೇ ಕಥೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ಇದ್ದ. ರಸ್ತೆಗೆ ಖಡಿ ಪೂರೈಸುವ ಕರಾರಿಗೆ ರಾಜ್ಯಧರ ಕೋನಾಯಿ ಅನ್ನೋ ಸ್ಥಳೀಯನ ಇಡೀ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದ. ಯಾಕೆ? ನಾಳೆ "ಈ ಸಹಿ ನಂದಲ್ಲ" ಅನ್ನದ ಹಾಗೆ ಹೆದರಿಸಲಿಕ್ಕೆ. ಇದನ್ನ ಹರ್ಷೆಲನೇ ಮುಂದೆ ಬರೆದುಕೊಂಡಿದ್ದಾನೆ. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿಯೇ ಶುರುವಾಯ್ತು. ಗಮನಿಸ್ರಿ, ಈ ಮಸಿ ಹುಟ್ಟಿದ್ದು ಕೋನಾಯಿಗೆ ಕರಾರು ತಿಳಿದಿದೆಯಾ, ಮನಸ್ಸಿದೆಯಾ ಅಂತ ಕೇಳಲಿಕ್ಕಲ್ಲ. ಅವನು ಆಮೇಲೆ ಬಾಯಿ ತೆರೆಯದಿರಲಿ ಅಂತ. ಆಸ್ಪತ್ರೆಯ ಒಪ್ಪಿಗೆ ಪತ್ರವೂ ನಮ್ಮ ಜನರ ಪಾಲಿಗೆ ಬಹುತೇಕ ಇದೇ ಕೆಲಸ ಮಾಡಿದೆ.

ಅದೇ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮುಂಬಯಿ ಪ್ರಾಂತ್ಯಕ್ಕೆ ಪ್ಲೇಗ್ ಬಡಿದಿತ್ತು. ಆಗ ನಮ್ಮ ಸೀಮೆ ಧಾರವಾಡ ಜಿಲ್ಲೆಯೊಳಗೆ. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿ ಊರು, ಹಿರೇಕೆರೂರು ಕೋಡ ತಾಲ್ಲೂಕಿನದು, ಹಾನಗಲ್ ಆಗಲೂ ತಾಲ್ಲೂಕು, ಸವಣೂರು ಮಾತ್ರ ನವಾಬರ ಸಂಸ್ಥಾನ. 1898ರಲ್ಲಿ ಪಕ್ಕದ ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಲಸಿಕೆಯನ್ನ ಹತ್ತಾರು ಸಾವಿರ ಜನಕ್ಕೆ ಚುಚ್ಚಿದರು. ಅದರಿಂದ ಜೀವ ಉಳಿದವು, ಅದನ್ನ ಅಲ್ಲಗಳೆಯಬಾರದು. ಆದರೆ ಮನೆ ಹೊಕ್ಕು ಮೈ ಮುಟ್ಟಿ ತಪಾಸಣೆ ಮಾಡಿದ್ದರ ಬಗ್ಗೆ ಪುಸ್ತಕಗಳಲ್ಲಿ ಉಳಿದಿರುವ ಸಿಟ್ಟು ಮೇಲ್ಜಾತಿ ಮನೆಗಳ ಮಾನದ ಸಿಟ್ಟು. ಕೇಳದೇ ಒಳಗೆ ಬರೋದು ನಮ್ಮ ಕೇರಿಗೆ ಯಾವತ್ತು ಹೊಸದಾಗಿತ್ತು? ಅದೇ ಪ್ಲೇಗಿನಲ್ಲಿ ಪುಣೆ ಹತ್ತಿರ ರೋಗ ತಗಲಿದ ಮಹಾರರ ಹುಡುಗನನ್ನ ಹೊತ್ತು ದವಾಖಾನೆಗೆ ತಂದು, ತಾನೂ ಸೋಂಕು ತಗಲಿಸಿಕೊಂಡು 1897ರ ಮಾರ್ಚ್ 10ರಂದು ತೀರಿಕೊಂಡ ಅವ್ವ ಸಾವಿತ್ರಿಬಾಯಿ ಫುಲೆ. ಮುಟ್ಟುವುದರಲ್ಲೂ ಎರಡು ನಮೂನೆ ಇರ್ತಾವು.

ತುರ್ತು ಪರಿಸ್ಥಿತಿ ಬಗ್ಗೆ ನಿಮಗೆ ಹೇಳಬೇಕಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ. ಗುರಿ ಮುಟ್ಟಿಸಬೇಕಾದ ನೌಕರನ ಕೈಯಲ್ಲಿ ಒಪ್ಪಿಗೆ ಪತ್ರ ಕೊಟ್ಟರೆ ಅದು ಹಾಜರಿ ಪುಸ್ತಕ ಆಗ್ತದ, ಅಷ್ಟೇ. 2009ರಲ್ಲಿ ಆಂಧ್ರದ ಖಮ್ಮಂನಲ್ಲಿ ಎಚ್‌ಪಿವಿ ಲಸಿಕೆ ಅಧ್ಯಯನ ಆದಾಗ ಹಾಸ್ಟೆಲ್ಲಿನ ಆದಿವಾಸಿ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳಿಗೆ ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಅದನ್ನ ತರಾಟೆಗೆ ತಗೊಂಡಿತು. ವಾರ್ಡನ್ನಿನ ಸಹಿಗೂ ನನ್ನ ಓಟಿಪಿಗೂ ಏನು ಫರಕು ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ.

ಸವಣೂರು, 2010ರ ಜುಲೈ. ತಲೆತಲಾಂತರದಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದವರನ್ನ ಅವರ ಮನೆಗಳಿಂದ ಎಬ್ಬಿಸಲು ಪುರಸಭೆ ಹೊರಟಾಗ, ಅವರು ಪುರಸಭೆ ಕಚೇರಿ ಮುಂದೆಯೇ ಮಲ ಸುರಿದುಕೊಂಡು ನಿಂತರು. ಇದು ಆಸ್ಪತ್ರೆ ವಿಷಯ ಅಲ್ಲ ಅನ್ನಬಹುದು. ನನಗೆ ಇದು ಅದೇ ವಿಷಯ. ಕೈಯಲ್ಲಿ ಕಾಗದ ಇಲ್ಲದ ಜನ ಮೈಯನ್ನೇ ಅರ್ಜಿ ಮಾಡಿಕೊಂಡರು.

ಹತ್ತು ಹನ್ನೆರಡು ವರ್ಷದ ಮೇಲೆ ರಾಣೆಬೆನ್ನೂರು ತಾಲ್ಲೂಕಿನ ಹೆಣ್ಮಕ್ಕಳೂ ಅದನ್ನೇ ಮಾಡಬೇಕಾಯ್ತು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 2014ರಿಂದ 2017ರ ನಡುವೆ ಸುಮಾರು 1,500 ಮಹಿಳೆಯರ ಗರ್ಭಕೋಶ ತೆಗೆಯಲಾಗಿದೆ, ಬಹಳಷ್ಟು ಅನಗತ್ಯವಾಗಿ ಅನ್ನುವ ಆರೋಪ ಬಂತು. ಹೆಚ್ಚಿನವರು ಲಂಬಾಣಿ ತಾಂಡಾಗಳ ಬಡ ಹೆಣ್ಮಕ್ಕಳು. ಪರಿಹಾರಕ್ಕಾಗಿ ಅಲೆದು ಸುಸ್ತಾದ ಮೇಲೆ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ, ಶಿಗ್ಗಾವಿಯ ಅವರ ಮನೆಗೇ ನಡಕೊಂಡು ಹೋಗ್ತೀವಿ ಅಂತ ಪಟ್ಟು ಹಿಡಿದರು. ಹೊಟ್ಟೆ ಮೇಲೆ ಕೊಯ್ದ ಗಾಯದ ಗುರುತು ಇರೋ ಹೆಣ್ಮಕ್ಕಳು, ಬಿಸಿಲಿನಲ್ಲಿ, ಅಷ್ಟು ದೂರ. ಇದಕ್ಕೂ ಮೊದಲು 2015ರಲ್ಲಿ ಕಲಬುರಗಿಯ ಪ್ರಕರಣ ಬಯಲಾಗಿತ್ತು. ಅಲ್ಲಿ ಖಾಸಗಿ ಆಸ್ಪತ್ರೆಗಳು, 2,258 ಮಹಿಳೆಯರು ಅನ್ನೋದು ತನಿಖೆಯ ಲೆಕ್ಕ, ಅಲ್ಲಿಯೂ ಹೆಚ್ಚಿನವರು ದಲಿತ, ಲಂಬಾಣಿ ಹೆಣ್ಮಕ್ಕಳೇ.

ಇಂಥಾ ಕಡೆಯೆಲ್ಲ ಸಹಿ ಇರ್ತದ. ಇದೇ ವಿಚಿತ್ರ. "ಕ್ಯಾನ್ಸರ್ ಆಗ್ತೈತಿ" ಅಂತ ಹೆದರಿಸಿ ಹತ್ತು ನಿಮಿಷದಲ್ಲಿ ತಗೊಂಡ ಹೆಬ್ಬೆಟ್ಟೂ ಫೈಲಿನಲ್ಲಿ ಹೆಬ್ಬೆಟ್ಟೇ. ಸಹಿ ಇದೆಯಾ ಅಂತ ನೋಡುವವನಿಗೆ ಎಲ್ಲವೂ ಸರಿಯಾಗಿರ್ತದ.

ಕಾನೂನು ಇದನ್ನ ತಿಳಕೊಳ್ಳಲು ಬಹಳ ತಡ ಮಾಡಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ 7.16ನೇ ನಿಯಮ ತೆಗೆದು ಓದ್ರಿ. ಆಪರೇಷನ್ನಿಗೆ ಮೊದಲು ಯಾರಿಂದ ಬರಹದಲ್ಲಿ ಒಪ್ಪಿಗೆ ಪಡೀಬೇಕು ಅನ್ನೋ ಪಟ್ಟಿಯಲ್ಲಿ ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಅಪ್ರಾಪ್ತರಾದರೆ ತಂದೆ ತಾಯಿ ಅಥವಾ ಪೋಷಕರು, ಕಟ್ಟಕಡೆಗೆ ರೋಗಿ! ಮೈ ಯಾರದೋ ಅವರೇ ಸರತಿಯ ಕೊನೆಗೆ.

ಇದನ್ನ ಸುಪ್ರೀಂ ಕೋರ್ಟ್ ನೆಟ್ಟಗೆ ಮಾಡಿದ್ದು 2008ರ ಜನವರಿ 16ರಂದು, ಸಮೀರಾ ಕೊಹ್ಲಿ ಪ್ರಕರಣದಲ್ಲಿ. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ದೆಹಲಿಯ ಆ ಮಹಿಳೆ ಒಪ್ಪಿದ್ದು ಹೊಟ್ಟೆಯೊಳಗೆ ದುರ್ಬೀನು ಹಾಕಿ ಪರೀಕ್ಷೆ ಮಾಡಲಿಕ್ಕೆ. ಅರಿವಳಿಕೆಯಲ್ಲಿ ಮಲಗಿದ್ದಾಗ ವೈದ್ಯರು ಹೊರಗೆ ಕೂತ ತಾಯಿಯನ್ನ ಕೇಳಿ ಗರ್ಭಕೋಶ, ಅಂಡಾಶಯ ತೆಗೆದರು. ವಯಸ್ಸಿಗೆ ಬಂದ, ಬುದ್ಧಿ ಸರಿ ಇರುವ ಹೆಣ್ಣಿನ ಪರವಾಗಿ ತಾಯಿಯ ಒಪ್ಪಿಗೆ ನಡೆಯಲ್ಲ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಅವಳು ಎಚ್ಚರಾಗುವ ತನಕ ಕಾಯಬೇಕು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಆಗಲ್ಲ ಅಂತ ಕೋರ್ಟ್ ಹೇಳಿತು. ಪರಿಹಾರ ಎಷ್ಟು ಗೊತ್ತೇನು? 25,000 ರೂಪಾಯಿ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು 2016ರ ಸೆಪ್ಟೆಂಬರ್ 14ರ ದೇವಿಕಾ ಬಿಸ್ವಾಸ್ ತೀರ್ಪು. ಅದಕ್ಕೆರಡು ವರ್ಷದ ಹಿಂದೆ ಬಿಲಾಸಪುರದ ಶಿಬಿರದಲ್ಲಿ ಒಂದೇ ದಿನ 83 ಹೆಣ್ಮಕ್ಕಳಿಗೆ ಸಂತಾನಹರಣ ಮಾಡಿ 13 ಜನ ಸತ್ತಿದ್ದರು. ಆ ತೀರ್ಪಿನಲ್ಲಿ ಕೋರ್ಟ್ ಎರಡು ಸಾದಾ ಮಾತು ಹೇಳಿದೆ. ಆಪರೇಷನ್ನಿನ ಪರಿಣಾಮವನ್ನ ಆಕೆಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿ, ವಿವರಿಸಿದವರು ಅದನ್ನ ಪ್ರಮಾಣೀಕರಿಸಬೇಕು. ಆಮೇಲೆ ಯೋಚನೆ ಮಾಡಲು, ಮನಸ್ಸು ಬದಲಿಸಲು ಸುಮಾರು ಒಂದು ತಾಸು ಬಿಡಬೇಕು. ಒಂದು ತಾಸು! ಸಂತಾನಹರಣಕ್ಕೆ ಹೇಳಿದ ಮಾತು ಅದು. ಆದರೆ ಯಾವ ಆಪರೇಷನ್ನಿಗೆ ಆ ಒಂದು ತಾಸು ಬೇಡ ಹೇಳ್ರಿ? 2023ರ ಏಪ್ರಿಲ್ 5ರಂದು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನ ಮೂರು ತಿಂಗಳೊಳಗೆ ಒಪ್ಪಿಕೊಂಡು ಜಾರಿ ಮಾಡಿ ಅಂತ ಅದೇ ಕೋರ್ಟ್ ಎಲ್ಲಾ ರಾಜ್ಯಗಳಿಗೆ ಹೇಳಿತು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಟ್ಯಾಬು.

ನಾನು ಡಿಜಿಟಲ್ ವಿರೋಧಿ ಅಲ್ಲ. ಕಾಗದದ ಫೈಲು ಎಷ್ಟು ಸುಲಭವಾಗಿ "ಸಿಗ್ತಿಲ್ರಿ" ಆಗ್ತದ ಅನ್ನೋದು ಆರ್‌ಟಿಐ ಹಾಕಿದ ಎಲ್ಲರಿಗೂ ಗೊತ್ತು. ಗೆದ್ದಲು ತಿಂತು, ಮಳೆ ನೀರು ಹೊಕ್ಕಿತು ಅಂತಾರ. ಡಿಜಿಟಲ್ ಫಾರ್ಮು ಸರಿಯಾಗಿ ಮಾಡಿದ್ದರೆ ಅದು ತನ್ನ ಜಾತಕ ತಾನೇ ಬರಕೊಳ್ತದ. ಯಾವ ಭಾಷೆಯ ಫಾರ್ಮು ತೆರೆದರು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತೆರೆದರು, ಯಾವಾಗ ಸಹಿ ಬಿತ್ತು, ಯಾವ ಸಿಬ್ಬಂದಿಯ ಲಾಗಿನ್, ಆಮೇಲೆ ಯಾರಾದರೂ ತಿದ್ದಿದರಾ, ಎಲ್ಲವೂ. ಇದಕ್ಕೆ ಆಡಿಟ್ ಲಾಗ್ ಅಂತಾರ. ಹರ್ಷೆಲನ ಮಸಿ ಒಬ್ಬನನ್ನೇ ಕಟ್ಟಿಹಾಕ್ತಿತ್ತು. ಈ ಲಾಗ್ ಫಾರ್ಮು ಹಿಡಿದು ಬಂದವರನ್ನೂ ಕಟ್ಟಿಹಾಕ್ತದ, ನಾವು ಕೇಳಿದರೆ ಮಾತ್ರ.

ಇನ್ನೊಂದು ಗೊಂದಲ ಬಿಡಿಸಬೇಕು. ಆಭಾ ಕಾರ್ಡಿನ 14 ಅಂಕಿ ಕೇಳಿ, ಓಟಿಪಿ ತಗೊಂಡು ಆಸ್ಪತ್ರೆ ಪಡೆಯೋ ಒಪ್ಪಿಗೆ ನಿಮ್ಮ ದಾಖಲೆ ಹಂಚಿಕೊಳ್ಳಲಿಕ್ಕೆ. ಅದು ಹೊಟ್ಟೆ ಕೊಯ್ಯಲಿಕ್ಕೆ ಕೊಟ್ಟ ಒಪ್ಪಿಗೆ ಅಲ್ಲ. ಎರಡೂ ಬೇರೆ ಬೇರೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಮಾಹಿತಿಗೆ ಸಂಬಂಧಪಟ್ಟದ್ದು. ಒಪ್ಪಿಗೆ ಕೇಳುವ ಸೂಚನೆಯನ್ನ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಅಂತದ ಅದು. ಅಂದರೆ ಕನ್ನಡದಲ್ಲಿ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಗಡುವು. ನಮ್ಮ ವಿಳಾಸ, ಫೋನ್ ನಂಬರಿನ ಬಗ್ಗೆ ಕನ್ನಡದಲ್ಲಿ ಕೇಳಬೇಕಂತೆ, ಪಿತ್ತಕೋಶದ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದರೂ ನಡೀತದಂತೆ! ಹೊಸ ರಾಸಾಯನಿಕ ಔಷಧಿಯ ಪ್ರಯೋಗಕ್ಕೆ ದುರ್ಬಲ ಸ್ಥಿತಿಯ ಜನರನ್ನ ಸೇರಿಸಿಕೊಂಡರೆ ಒಪ್ಪಿಗೆ ಕೇಳುವುದನ್ನ ವಿಡಿಯೋ ಮಾಡಲೇಬೇಕು ಅಂತ 2019ರ ನಿಯಮದಲ್ಲಿದೆ. ತಾಂಡಾದ ಹೆಣ್ಣುಮಗಳ ಗರ್ಭಕೋಶ ತೆಗೆಯುವಾಗ ಯಾಕಿರಬಾರದು? ಅದೇ ಟ್ಯಾಬಿನಲ್ಲೇ ಕ್ಯಾಮೆರಾ ಐತಲ್ಲ.

2002ರ ಅದೇ ನಿಯಮಾವಳಿಯಲ್ಲಿ ನಮಗೆ ಬೇಕಾದ್ದೂ ಒಂದಿದೆ. ಒಳರೋಗಿಯ ದಾಖಲೆಯನ್ನ ಮೂರು ವರ್ಷ ಇಡಬೇಕು, ರೋಗಿಯೋ ಅವರ ಪರವಾದವರೋ ಕೇಳಿದರೆ 72 ತಾಸಿನೊಳಗೆ ಕೊಡಬೇಕು. ಇದನ್ನ ಹಿಡಿದು ಚಿಗವ್ವನ ಹೆಸರಲ್ಲಿ ಅರ್ಜಿ ಹಾಕಿದೆವು. ಎರಡು ಸಲ ಅಲೆದಾಡಿಸಿದರು. ಮೂರನೇ ಸಲ ಪಿಡಿಎಫ್ ಕೊಟ್ಟರು.

ಮೂರು ಪುಟ, ಪೂರಾ ಇಂಗ್ಲಿಷು. ಫಾರ್ಮು ತೆರೆದದ್ದು ರಾತ್ರಿ 9:14ಕ್ಕೆ, ಓಟಿಪಿ ಬಿದ್ದದ್ದು 9:17ಕ್ಕೆ. ಮೂರು ನಿಮಿಷದಲ್ಲಿ ಎರಡು ಸಲ ಸಹಿ ಅಳಿಸಿದ್ದೂ ಸೇರಿತು, ನಾನು ಚಹಾ ಕೆಳಗಿಟ್ಟು ಅಂಕಿ ಓದಿದ್ದೂ ಸೇರಿತು. "ರೋಗಿಯ ಭಾಷೆಯಲ್ಲಿ ವಿವರಿಸಲಾಗಿದೆ" ಅನ್ನೋ ಚೌಕದಲ್ಲಿ ಟಿಕ್ ಇತ್ತು. ಚಿಗವ್ವನನ್ನ ಯಾರೂ ಅದನ್ನ ಕೇಳಿರಲಿಲ್ಲ.

ಹೋದ ತಿಂಗಳು ಹಾನಗಲ್ ತಾಲ್ಲೂಕಿನ ಒಂದು ಕೇರಿಯಲ್ಲಿ ಸಭೆ ಇತ್ತು. ಚಿಗವ್ವನನ್ನೂ ಕರಕೊಂಡು ಹೋಗಿದ್ದೆ. ಅವಳನ್ನ ಕೇಳಿಯೇ ಆ ಮೂರು ಪುಟ ಕನ್ನಡ ಮಾಡಿ ಎಲ್ಲರೆದುರು ಓದಿದೆ. ಸಣ್ಣ ತೂತಿನ ಆಪರೇಷನ್ ಆಗದಿದ್ದರೆ ಹೊಟ್ಟೆ ಅಗಲಿಸಿ ಮಾಡಬಹುದು ಅಂತ ಒಂದು ಕಲಮು. ರಕ್ತ ಕೊಡಬೇಕಾಗಬಹುದು ಅಂತ ಒಂದು. ಆಪರೇಷನ್ ನಡೆಯುವಾಗ ಫೋಟೋ, ವಿಡಿಯೋ ತೆಗೆದು ವಿದ್ಯಾರ್ಥಿಗಳಿಗೆ ತೋರಿಸಬಹುದು ಅಂತ ಇನ್ನೊಂದು. ಅಲ್ಲಿಗೆ ಚಿಗವ್ವ ಕೈ ಎತ್ತಿ ನಿಲ್ಲಿಸಿದಳು.

"ಹೊಟ್ಟಿ ಅಗಲ ಮಾಡ್ಲಿ, ರಕ್ತ ಕೊಡ್ಲಿ, ಜೀವ ಉಳೀಬೇಕಲ್ಲ, ಅದಕ್ಕ ಹೂಂ ಅಂತಿದ್ದೆ. ಈ ಫೋಟೋದ್ದು ಕೇಳಿದ್ರ ಬ್ಯಾಡ ಅಂತಿದ್ದೆ ನೋಡಪಾ."