ನೂರಕ್ಕೆ ಮೂರು: ಸಯಾಮ್ ದೇಶದ ಒಂದು ಕರಾರು

1855ರ ಏಪ್ರಿಲ್ 18ರಂದು ಬ್ಯಾಂಕಾಕ್ ನಗರದಲ್ಲಿ ಒಂದು ಕರಾರಿಗೆ ಮೊಹರು ಬಿದ್ದಿತು. ಅದರ ಮಾತುಕತೆಗೆ ಹಿಡಿದದ್ದು ಸುಮಾರು ಮೂರು ವಾರ. ಅದರಿಂದ ಬಿಡಿಸಿಕೊಳ್ಳಲು ಹಿಡಿದದ್ದು ಎಪ್ಪತ್ತು ವರ್ಷ. ಚಿಕ್ಕ ದೇಶವೊಂದು ದೊಡ್ಡ ದೇಶದೊಡನೆ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಳ್ಳಬೇಕೆ ಬೇಡವೆ ಎಂಬ ಚರ್ಚೆ ಎದ್ದಾಗಲೆಲ್ಲ ಸುಂಕದ ದರವೆಷ್ಟು, ಯಾವ ಸರಕಿಗೆ ಎಷ್ಟು ರಿಯಾಯಿತಿ ಎಂಬ ಲೆಕ್ಕವೇ ಮುಂದೆ ಬರುತ್ತದೆ. ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ಚರಿತ್ರೆಯನ್ನು ಓದಿದವರಿಗೆ ಬೇರೊಂದು ಪ್ರಶ್ನೆ ಅದಕ್ಕಿಂತ ಮುಖ್ಯವೆಂದು ತೋರುತ್ತದೆ. ಆ ದರವನ್ನು ನಾಳೆ ಬದಲಿಸುವ ಅಧಿಕಾರ ಯಾರ ಕೈಯಲ್ಲಿ ಉಳಿಯಿತು?

ಆಗ ಸಯಾಮನ್ನು ಆಳುತ್ತಿದ್ದವನು ಮೊಂಗ್‌ಕುಟ್ ದೊರೆ. ನಮ್ಮ 'ಮಕುಟ'ವೇ ಅಲ್ಲಿಯವರ ನಾಲಗೆಯಲ್ಲಿ ಹೀಗಾಗಿದೆ. ಆ ರಾಜ್ಯದ ಹಿಂದಿನ ರಾಜಧಾನಿಯಾದ ಅಯುತ್ಥಯವೂ ನಮ್ಮ ಅಯೋಧ್ಯೆಯೇ. 27 ವರ್ಷ ಭಿಕ್ಷುವಾಗಿದ್ದು 1851ರಲ್ಲಿ ಪಟ್ಟಕ್ಕೆ ಬಂದ ಈತ ಪಾಲಿಯಲ್ಲಿ ಪಂಡಿತ, ಪಾದ್ರಿಗಳಿಂದ ಲ್ಯಾಟಿನನ್ನೂ ಇಂಗ್ಲಿಷನ್ನೂ ಕಲಿತವನು. ಸಂಗೀತನಾಟಕ, ಚಲನಚಿತ್ರಗಳು ಇವನನ್ನು ವಿದೂಷಕನಂತೆ ತೋರಿಸಿದ್ದುಂಟು. ಬಿಳಿಯರ ಮಾತಿಗೆ ಮರುಳಾಗಿ ರುಜು ಹಾಕಿದನೆಂದು ಹೇಳುವುದೂ ಅಂಥದೇ ಅನ್ಯಾಯ. ಅವನು ಕಣ್ಣು ತೆರೆದುಕೊಂಡೇ ಇದ್ದ. ಅಫೀಮಿನ ಯುದ್ಧದಲ್ಲಿ ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗನ್ನು ಕಳೆದುಕೊಂಡಿತ್ತು. 1852ರಲ್ಲಿ ನೆರೆಯ ಬರ್ಮಾದ ಕೆಳಭಾಗವೆಲ್ಲ ಇಂಗ್ಲಿಷರ ವಶವಾಯಿತು. ಹಿಂದಿನ ದೊರೆ 1850ರಲ್ಲಿ ಬಂದ ಬ್ರಿಟಿಷ್ ರಾಯಭಾರಿಯನ್ನು ಬರಿಗೈಯಲ್ಲಿ ಕಳಿಸಿದ್ದ. ಮತ್ತೊಮ್ಮೆ ಹಾಗೆ ಕಳಿಸಿದರೆ ಮುಂದೆ ಬರುವುದು ರಾಯಭಾರಿಯಲ್ಲ, ನೌಕಾಪಡೆ ಎಂಬುದನ್ನು ಮೊಂಗ್‌ಕುಟ್ ಬಲ್ಲ.

ಬಂದವನು ಸರ್ ಜಾನ್ ಬೌರಿಂಗ್, ಹಾಂಗ್‌ಕಾಂಗಿನ ಗವರ್ನರ್, ಬೆಂಥಮ್ಮನ ಶಿಷ್ಯ. ಮುಕ್ತ ವ್ಯಾಪಾರವೆಂಬುದು ಇವನಿಗೆ ಅರ್ಥನೀತಿಯಾಗಿರಲಿಲ್ಲ, ಮತಧರ್ಮವಾಗಿತ್ತು. ಅದುವರೆಗೆ ವಿದೇಶಿ ಹಡಗುಗಳಿಗೆ ಅವುಗಳ ಅಗಲವನ್ನು ಅಳೆದು ತೆರಿಗೆ ಹಾಕುವ ಪದ್ಧತಿ ಸಯಾಮಿನಲ್ಲಿತ್ತು. 1826ರ ಕರಾರಿನಂತೆ ಸರಕು ತಂದ ಹಡಗಿಗೆ ಮಾರಿಗೆ 1,700 ಬಾತ್. ಬೌರಿಂಗನು ಇದನ್ನು ತೆಗೆಯಿಸಿದ. ಆಮದಿನ ಸರಕಿಗೆಲ್ಲ ಅದರ ಬೆಲೆಯ ಮೇಲೆ ನೂರಕ್ಕೆ ಮೂರು ಸುಂಕ, ರಫ್ತಿಗೆ ಒಂದೇ ಬಾರಿ ತೆರುವ ಗೊತ್ತಾದ ಸುಂಕ. ಅಫೀಮಿಗೆ ಆಮದು ಸುಂಕವೇ ಇಲ್ಲ, ಆದರೆ ಅದನ್ನು ಸರಕಾರದ ಗುತ್ತಿಗೆದಾರನಿಗೇ ಮಾರಬೇಕು. ಬ್ರಿಟಿಷ್ ಪ್ರಜೆ ತಪ್ಪು ಮಾಡಿದರೆ ವಿಚಾರಣೆ ಸಯಾಮಿನ ನ್ಯಾಯಸ್ಥಾನದಲ್ಲಲ್ಲ, ಬ್ರಿಟಿಷ್ ಕಾನ್ಸಲನ ಮುಂದೆ. ಬ್ರಿಟಿಷ್ ಪ್ರಜೆ ಎಂದರೆ ಲಂಡನ್ನಿನವನು ಮಾತ್ರವಲ್ಲ. ಬ್ರಿಟಿಷ್ ಆಳ್ವಿಕೆಗೆ ಸೇರಿದ ಭಾರತೀಯ, ಬರ್ಮೀಯ, ಮಲಯನೂ ಆ ಹೆಸರಿನಡಿ ಬಂದರು. ಬ್ರಿಟನ್ ತನ್ನ ರೇವುಗಳಲ್ಲಿ ಸಯಾಮಿನ ಸರಕಿಗೆ ಎಷ್ಟು ಸುಂಕ ಹಾಕಬಹುದೆಂಬ ಮಿತಿ ಮಾತ್ರ ಕರಾರಿನಲ್ಲಿ ಎಲ್ಲಿಯೂ ಇಲ್ಲ.

ಆದರೂ ನೂರಕ್ಕೆ ಮೂರು ಎಂಬುದು ಅಷ್ಟೇನೂ ಪ್ರಮಾದವಲ್ಲ. ಪ್ರಮಾದವಿದ್ದದ್ದು ಎರಡು ಸಣ್ಣ ವಿಧಿಗಳಲ್ಲಿ. ಹತ್ತು ವರ್ಷವಾದ ಮೇಲೆ ಒಂದು ವರ್ಷದ ಸೂಚನೆ ಕೊಟ್ಟು ಪರಿಷ್ಕರಣವನ್ನು ಕೇಳಬಹುದು ಎಂದು ಬರೆದಿತ್ತು. ಕೇಳಿದ್ದಕ್ಕೆ ಎದುರಿನವನು ಒಪ್ಪದಿದ್ದರೆ ಏನೆಂದು ಬರೆದಿರಲಿಲ್ಲ. ಕರಾರಿಗೆ ಮುಕ್ತಾಯದ ದಿನವೇ ಇರಲಿಲ್ಲ. ಇನ್ನೊಂದು, ಪರಮಾಪ್ತ ರಾಷ್ಟ್ರದ ವಿಧಿ: ಮುಂದೆ ಯಾರಿಗೆ ಯಾವ ಸೌಲಭ್ಯ ಕೊಟ್ಟರೂ ಅದು ಬ್ರಿಟನ್ನಿಗೂ ಸಲ್ಲತಕ್ಕದ್ದು. 1856ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಬಂದವು, ಅನಂತರ ಡೆನ್ಮಾರ್ಕ್, ಪೋರ್ಚುಗಲ್, ಹಾಲೆಂಡ್, ಪ್ರಷ್ಯ. ಎಲ್ಲರ ಕೈಯಲ್ಲಿಯೂ ಅದೇ ಕರಾರಿನ ನಕಲು. ಹೀಗೆ ಇಬ್ಬರ ನಡುವಿನದೆಂದು ಹುಟ್ಟಿದ ಒಪ್ಪಂದ ಹತ್ತೆಂಟು ಮಂದಿಯ ಬಲೆಯಾಯಿತು. ಒಬ್ಬನಿಗೆ ಕೊಟ್ಟರೆ ಎಲ್ಲರಿಗೂ ಕೊಟ್ಟಂತೆ. ಹಿಂದಕ್ಕೆ ಪಡೆಯಬೇಕಾದರೆ ಮಾತ್ರ ಒಬ್ಬೊಬ್ಬನ ಬಾಗಿಲನ್ನೂ ತಟ್ಟಬೇಕು.

ಲಾಭವಾಗಲಿಲ್ಲವೆ? ಆಯಿತು, ಅದನ್ನು ಮರೆಮಾಚಬಾರದು. ಸಯಾಮಿನ ಅಕ್ಕಿಗೆ ಹೊರನಾಡಿನ ಮಾರುಕಟ್ಟೆ ತೆರೆಯಿತು. 1850ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು ಅರವತ್ತು ಸಾವಿರ ಟನ್ನಿನಷ್ಟಿದ್ದ ಅಕ್ಕಿಯ ರಫ್ತು 1930ರ ದಶಕದ ಮೊದಲಲ್ಲಿ ಹದಿನೈದು ಲಕ್ಷ ಟನ್ನಿಗೆ ಏರಿತು. ಚಾವೊ ಫ್ರಾಯಾ ನದಿಯ ಬಯಲಿನಲ್ಲಿ ಪೊದೆ ಕಡಿದು ಗದ್ದೆ ಮಾಡಿದ ರೈತನಿಗೆ ಕೈಯಲ್ಲಿ ಕಾಸು ಓಡಾಡಿತು. ಆ ಕಾಸಿನಿಂದ ಅವನು ಕೊಂಡದ್ದು ಹಡಗಿನಲ್ಲಿ ಬಂದ ಬಟ್ಟೆಯನ್ನು. ಬಯಲುನಾಡಿನ ಮನೆಗಳಲ್ಲಿ ಮಗ್ಗದ ಸದ್ದು ಮೆಲ್ಲಗೆ ಅಡಗಿತು. ಎಲ್ಲಕ್ಕಿಂತ ಮಿಗಿಲಾಗಿ, ಸುತ್ತಲಿನ ರಾಜ್ಯಗಳೆಲ್ಲ ಇಂಗ್ಲಿಷರ, ಫ್ರೆಂಚರ ಪಾಲಾದಾಗ ಸಯಾಮ್ ತನ್ನ ದೊರೆಯ ಕೈಯಲ್ಲಿಯೇ ಉಳಿಯಿತು.

ಆದರೆ ಆ ದೊರೆಯ ಬೊಕ್ಕಸದ ಗತಿಯನ್ನು ನೋಡಬೇಕು. ವ್ಯಾಪಾರ ಎಷ್ಟೇ ಬೆಳೆಯಲಿ, ಸುಂಕದ ದರ ಏರುವಂತಿಲ್ಲ. ಸರಕಾರ ನಡೆಯಲು ಬೇರೆ ವರಮಾನ ಬೇಕು. ಸಿಕ್ಕಿದ್ದು ನಾಲ್ಕು ದಾರಿ: ಅಫೀಮು, ಸಾರಾಯಿ, ಜೂಜು, ಲಾಟರಿ. ನಮ್ಮ ಕಡೆಯ ಹೆಂಡದ ಗುತ್ತಿಗೆಯಂತೆ ಇವನ್ನು ಹರಾಜಿಗೆ ಹಾಕಿ, ಹೆಚ್ಚು ಕೂಗಿದವನಿಗೆ ಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಾಜ್ಯದ ವರಮಾನದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಈ ನಾಲ್ಕರಿಂದಲೇ ಬರುತ್ತಿತ್ತು. ಹೊರಗಿನ ಬಟ್ಟೆಯ ಮೇಲೆ ನೂರಕ್ಕೆ ಮೂರಕ್ಕಿಂತ ಹೆಚ್ಚು ಹಾಕಲಾರದ ಬೌದ್ಧ ದೊರೆ ತನ್ನ ಪ್ರಜೆಯ ಚಟದ ಮೇಲೆ ರಾಜ್ಯವಾಳಬೇಕಾಯಿತು. ಆ ಅಫೀಮಿನಲ್ಲಿ ನಮ್ಮ ದೇಶದ ಬೆಳೆಯೂ ಇತ್ತೆಂಬುದನ್ನು ಇಲ್ಲಿ ನೆನೆಯದೆ ವಿಧಿಯಿಲ್ಲ. ಜೂಜಿನ ಕಟ್ಟೆಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು ಕೊನೆಯವನ್ನು ಮುಚ್ಚಿದ್ದು 1917ರಲ್ಲಿ. ಫಾನ್ ಡೆರ್ ಹೈಡೆ ಎಂಬ ಡಚ್ ಎಂಜಿನಿಯರನು 1903ರಲ್ಲಿ ಚಾವೊ ಫ್ರಾಯಾ ನದಿಗೆ ಅಣೆಕಟ್ಟು ಕಟ್ಟಿ ಬಯಲಿಗೆಲ್ಲ ನೀರುಣಿಸುವ ಯೋಜನೆಯನ್ನು ಸಿದ್ಧಮಾಡಿ ಕೊಟ್ಟ. ಇದ್ದ ಹಣ ರೈಲಿಗೆ, ಸೈನ್ಯಕ್ಕೆ ಸರಿಹೋಯಿತು. ಅಕ್ಕಿ ಬೆಳೆದು ದೇಶವನ್ನು ಸಾಕುತ್ತಿದ್ದ ರೈತ ಮಳೆಯನ್ನೇ ನಂಬಿ ಕುಳಿತ.

ನಮ್ಮಲ್ಲಾದರೋ ಕರಾರಿನ ಸಂಕೋಚವೂ ಇರಲಿಲ್ಲ. ಲ್ಯಾಂಕಾಶೈರಿನ ಬಟ್ಟೆಗೆ ಹಾಕಿದ ಶೇಕಡ 3.5 ಸುಂಕಕ್ಕೆ ಸರಿದೂಗಲೆಂದು 1896ರಲ್ಲಿ ನಮ್ಮ ಗಿರಣಿಗಳ ಬಟ್ಟೆಗೂ ಅಷ್ಟೇ ಸುಂಕ ಹಾಕಿದರು; ಆ ಸುಂಕ ನಿಂತದ್ದು 1925ರ ಕೊನೆಯಲ್ಲಿ. ಸಯಾಮಿಗೆ ಬಿಡುಗಡೆಯ ಬಾಗಿಲು ತೆರೆದದ್ದೂ ಹೆಚ್ಚುಕಡಿಮೆ ಆಗಲೇ.

ಅದಕ್ಕೆ ತೆತ್ತ ಬೆಲೆ ಕಡಮೆಯದಲ್ಲ. 1909ರಲ್ಲಿ ಕೆಡಾ, ಪೆರ್ಲಿಸ್, ಕೆಲಾಂತನ್, ತ್ರೆಂಗಾನು ಎಂಬ ನಾಲ್ಕು ಮಲಯ ಸೀಮೆಗಳ ಮೇಲಿನ ಹಕ್ಕನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟು, ಕಾನ್ಸಲನ ನ್ಯಾಯಾಧಿಕಾರದಲ್ಲಿ ಸ್ವಲ್ಪ ಭಾಗವನ್ನು ಸಯಾಮ್ ಮರಳಿ ಪಡೆಯಿತು. 1917ರಲ್ಲಿ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಕಡೆ ಸೇರಿತು. ಗೆದ್ದವರ ಸಾಲಿನಲ್ಲಿ ಕುಳಿತಮೇಲೆ ಅಮೆರಿಕ 1920ರಲ್ಲಿ ಸುಂಕದ ಹಕ್ಕನ್ನು ಬಿಡಲು ಒಪ್ಪಿತು, ಉಳಿದವರೆಲ್ಲರೂ ಬಿಟ್ಟರೆ ಎಂಬ ಷರತ್ತಿನೊಡನೆ! ಕೊನೆಗೆ ಸಯಾಮಿನ ಸಲಹೆಗಾರನಾಗಿದ್ದ ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ಫ್ರಾನ್ಸಿಸ್ ಸೇಯರ್ 1924-25ರಲ್ಲಿ ಯೂರೋಪಿನ ರಾಜಧಾನಿಗಳನ್ನು ಒಂದೊಂದಾಗಿ ಸುತ್ತಿ ಹೊಸ ಕರಾರುಗಳನ್ನು ತಂದ. ಸಯಾಮ್ ಅವನಿಗೆ ಕೊಟ್ಟ ಬಿರುದು 'ಕಲ್ಯಾಣಮೈತ್ರಿ'. ಬ್ರಿಟನ್ ಆಗಲೂ ಬರಿಗೈಯಲ್ಲಿ ಏಳಲಿಲ್ಲ: ಹತ್ತಿಬಟ್ಟೆ, ಉಕ್ಕಿನ ಸಾಮಾನು, ಯಂತ್ರಗಳಿಗೆ ಇನ್ನೂ ಹತ್ತು ವರ್ಷ ನೂರಕ್ಕೆ ಐದನ್ನು ಮೀರಕೂಡದೆಂದು ಬರೆಯಿಸಿಕೊಂಡಿತು. ಪರರಾಷ್ಟ್ರಗಳ ನ್ಯಾಯಾಧಿಕಾರ ಪೂರ್ತಿ ಅಳಿದದ್ದು 1937ರಲ್ಲಿ.

ಈ ಕಥೆಯನ್ನು ಥಾಯ್ಲೆಂಡಿನ ಶಾಲಾಮಕ್ಕಳೂ ಓದುತ್ತಾರೆ. ಹೀಗಿರುವಾಗ 2003ರ ಅಕ್ಟೋಬರಿನಲ್ಲಿ ಚೀನಾದೊಡನೆ ಹಣ್ಣು, ತರಕಾರಿಗಳ ಸುಂಕವನ್ನು ತೆಗೆದಾಗ ಉತ್ತರ ಥಾಯ್ಲೆಂಡಿನ ಬೆಳ್ಳುಳ್ಳಿ ಬೆಳೆಗಾರರು ಪೆಟ್ಟು ತಿಂದರು. 2004ರಲ್ಲಿ ಅಮೆರಿಕದೊಡನೆ ಇನ್ನೂ ವಿಸ್ತಾರವಾದ ಒಪ್ಪಂದಕ್ಕೆ ಮಾತುಕತೆ ಆರಂಭವಾಯಿತು. ಅಲ್ಲಿ ಸುಂಕಕ್ಕಿಂತ ಔಷಧಗಳ ಪೇಟೆಂಟಿನ ಮಾತು ದೊಡ್ಡದು. ಅಗ್ಗದ ಔಷಧಗಳನ್ನು ದೇಶದಲ್ಲಿಯೇ ತಯಾರಿಸಿ ಏಡ್ಸ್ ರೋಗಿಗಳಿಗೆ ಕೊಡುತ್ತಿದ್ದ ಸರಕಾರದ ಕೈ ಕಟ್ಟಿಹೋಗುವುದೆಂಬ ಭಯ. 2006ರ ಜನವರಿಯಲ್ಲಿ ಚಿಯಾಂಗ್ ಮಾಯ್ ನಗರದಲ್ಲಿ ಆರನೆಯ ಸುತ್ತು ನಡೆದಾಗ ರೈತರು, ರೋಗಿಗಳು ಸಾವಿರಾರು ಮಂದಿ ಬೀದಿಗಿಳಿದರು. ಆ ವರ್ಷದ ರಾಜಕೀಯದ ಗೊಂದಲದಲ್ಲಿ ಮಾತುಕತೆ ನಿಂತುಹೋಯಿತು. ಮರುವರ್ಷ ಬಂದ ಸಂವಿಧಾನದ 190ನೆಯ ವಿಧಿ, ದೇಶದ ಆರ್ಥಿಕ, ಸಾಮಾಜಿಕ ಜೀವನವನ್ನು ವ್ಯಾಪಕವಾಗಿ ತಟ್ಟುವ ಕರಾರುಗಳ ಬಗ್ಗೆ ಮೊದಲು ಜನರ ಅಭಿಪ್ರಾಯವನ್ನು ಕೇಳಿ, ಅನಂತರ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂದಿತು. 2014ರ ಸೇನಾಕ್ರಾಂತಿಯಲ್ಲಿ ಆ ಸಂವಿಧಾನ ಹೋಯಿತು. ಸೈನ್ಯದವರ ಆಳ್ವಿಕೆಯಲ್ಲಿ ಸಿದ್ಧವಾದ 2017ರ ಸಂವಿಧಾನವೂ ಸಂಸತ್ತಿನ ಒಪ್ಪಿಗೆಯ ಮಾತನ್ನು ತೆಗೆದುಹಾಕಲಿಲ್ಲ. ಅದು ಅಲ್ಲಿ 178ನೆಯ ವಿಧಿಯಾಗಿ ಉಳಿದಿದೆ.