ಅಜ್ಜಿ ಕೈಮೇಲೆ ಹಚ್ಚೆ ಹುಯ್ದಿದ್ದು ಯಾರು?

(1/6)
ಮರಳೂರಿನ ನಮ್ಮ ಮನೇಲಿ ಟ್ಯಾಟೂ ವಿಷಯ ಎತ್ತಿದ್ರೆ ಅಮ್ಮ ಬೈತಾರೆ. ಅದೇ ಹೊತ್ತಲ್ಲಿ ಪಕ್ಕದಲ್ಲಿ ಕೂತಿರೋ ಅಜ್ಜಿಯ ಎರಡೂ ಮುಂಗೈ ತುಂಬಾ ಹಚ್ಚೆ! ಚುಕ್ಕಿ, ಹೂವು, ಒಂದು ಚೇಳು. "ಯಾರು ಹಾಕಿದ್ದಜ್ಜಿ?" ಅಂದೆ. "ಕೊರವಂಜಿ ಕಣಪ್ಪ. ಒಂದು ಸೇರು ರಾಗಿ ಇಸ್ಕೊಂಡು ಹುಯ್ದಳು" ಅಂದ್ರು. ಹೆಸರು? ಗೊತ್ತಿಲ್ಲ. ಈ ಸೀರೀಸ್ ಆ ಹೆಸರಿಲ್ಲದ ಆರ್ಟಿಸ್ಟ್ ಬಗ್ಗೆ. ಸ್ಟುಡಿಯೋ ಹುಡುಕೋ ಮುಂಚೆ ಒಂದ್ಸಲ ಓದಿ.

(2/6) ಕೆಲಸ ಹೇಗಿತ್ತು?
ಕೊರವಂಜಿ ಅಂದ್ರೆ ಕಣಿ ಹೇಳೋಳು ಅಂತಷ್ಟೇ ನಮಗೆ ಗೊತ್ತು. ಹಚ್ಚೆ ಹುಯ್ಯೋದೂ ಅವಳ ಕಸುಬು. ಮೈಸೂರು ಸೀಮೆಯಲ್ಲಿ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಹಚ್ಚೆ ಹಾಕ್ತಿದ್ರು. ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ 1906ರ ಪುಸ್ತಕದಲ್ಲಿ ಈ ಕೆಲಸವನ್ನ ವಿವರವಾಗಿ ಬರೆದಿದ್ದಾನೆ. ಅರಿಶಿನ ಮತ್ತು ಅಗಸೆ ಸೊಪ್ಪು ಅರೆದು ತೆಳು ಬಟ್ಟೆಗೆ ಸವರಿ ಬತ್ತಿ ಹೊಸೀಬೇಕು. ಹರಳೆಣ್ಣೆ ದೀಪದಲ್ಲಿ ಅದನ್ನ ಉರಿಸಿ, ಮೇಲೆ ಹೊಸ ಮಡಕೆ ಮುಚ್ಚಬೇಕು. ಮಡಕೆಯೊಳಗೆ ಕಟ್ಟಿದ ಮಸಿಯನ್ನ ಕೆರೆದು ಎದೆಹಾಲಲ್ಲೋ ನೀರಲ್ಲೋ ಕಲಸಿದ್ರೆ ಇಂಕ್ ರೆಡಿ. ಮೊದಲು ಮೊಂಡು ಕಡ್ಡೀಲಿ ಚಿತ್ರ ಬರೆದು, ಆಮೇಲೆ ಒಟ್ಟಿಗೆ ಕಟ್ಟಿದ ಮೂರ್ನಾಲ್ಕು ಸೂಜಿಯಲ್ಲಿ ಚುಚ್ಚೋದು. ಇವತ್ತು ಸ್ಟುಡಿಯೋದಲ್ಲಿ ಸ್ಟೆನ್ಸಿಲ್ ಅಂಟಿಸೋದೂ ಇದೇ ಲೆಕ್ಕ ಅಲ್ವಾ?

(3/6) ಗಿರಾಕಿ ಮತ್ತು ರೇಟು
ಬಿಕಾಂ ಓದೋರಿಗೆ ಇದು ಇಷ್ಟ ಆಗುತ್ತೆ. ಒಂದು ಚುಕ್ಕಿ ಅಥವಾ ಗೆರೆಗೆ ಕಾಲಾಣೆ, ಕಷ್ಟದ ಡಿಸೈನಿಗೆ ಹನ್ನೆರಡಾಣೆ ತನಕ. ಅಂದ್ರೆ 48 ಪಟ್ಟು ವ್ಯತ್ಯಾಸ! ದೂರದ ಹಳ್ಳಿಗಳಲ್ಲಿ ದುಡ್ಡಿನ ಬದಲು ಅಕ್ಕಿ. ಚುಚ್ಚೋವಾಗ ಅಳೋ ಹುಡುಗೀರ ಗಮನ ಬೇರೆ ಕಡೆ ಸೆಳೆಯೋಕೆ ಹಾಡು ಹೇಳೋಳು. ಸೂಜಿ ಹಿಡಿದ ಕೈ ಒಂದು ಕಡೆ, ಸಮಾಧಾನ ಮಾಡೋ ಬಾಯಿ ಇನ್ನೊಂದು ಕಡೆ. ಡಿಸೈನ್ ಕೂಡ ಗಿರಾಕಿಯ ಮನೆಯಿಂದಲೇ ಬರ್ತಿತ್ತು: ಅಂಗಳದ ರಂಗೋಲಿ, ಹೂವು, ಹಕ್ಕಿ, ಮೀನು, ಚೇಳು, ನಾಮ. ಕಾಡುಪ್ರಾಣಿಗಳನ್ನ ಹಾಕ್ತಿರಲಿಲ್ಲ ಅಂತಾನೆ ಥರ್ಸ್ಟನ್. ಸತ್ತಾಗ ಒಡವೆ ಇಲ್ಲೇ ಉಳಿಯುತ್ತೆ, ಜೊತೆಗೆ ಬರೋದು ಹಚ್ಚೆ ಮಾತ್ರ ಅನ್ನೋ ನಂಬಿಕೆ ಬೇರೆ. ಒಡವೆ ಮಾಡಿಸೋ ಶಕ್ತಿ ಇಲ್ಲದವಳಿಗೂ ಅದು ಒಡವೆನೇ.

(4/6) ಇದನ್ನ ಸ್ಕಿಪ್ ಮಾಡಬೇಡಿ
ಊರೂರು ಸುತ್ತಿದ್ರೇನೇ ಈ ಹೆಂಗಸರಿಗೆ ಊಟ. ಆದ್ರೆ ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದ್ರು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಕೊರವರನ್ನೂ ಆ ಪಟ್ಟಿಗೆ ಸೇರಿಸಿದ್ರು. ಹುಟ್ಟಿದ ಜಾತಿಗೇ ಕಳ್ಳರು ಅನ್ನೋ ಹಣೆಪಟ್ಟಿ. ಪೊಲೀಸರ ಮುಂದೆ ಹಾಜರಿ ಹಾಕಬೇಕು, ಓಡಾಟಕ್ಕೆ ಲೆಕ್ಕ ಕೊಡಬೇಕು. ಆ ಕಾನೂನು ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ, ಸ್ವಾತಂತ್ರ್ಯ ಬಂದು ಐದು ವರ್ಷ ಆದ್ಮೇಲೆ. ಜಗಲಿ ಮೇಲೆ ಕೂರಿಸಿ ಮಗಳ ಕೈ ಕೊಡುವಷ್ಟು ಊರಿನ ಹೆಂಗಸರು ಅವಳನ್ನ ನಂಬಿದ್ರು. ಕಾನೂನು ಮಾತ್ರ ನಂಬಲಿಲ್ಲ.

(5/6) ಮಷೀನು ಬಂತು
ಎಡಿಸನ್ 1876ರಲ್ಲಿ ಎಲೆಕ್ಟ್ರಿಕ್ ಪೆನ್‌ಗೆ ಪೇಟೆಂಟ್ ತಗೊಂಡ. ಕಾಗದದಲ್ಲಿ ತೂತು ಮಾಡಿ ಪ್ರತಿ ತೆಗೆಯೋ ಪೆನ್ನು. ಅದನ್ನೇ ಬದಲಾಯಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಟ್ಯಾಟೂ ಮಷೀನ್ ಪೇಟೆಂಟ್ ಮಾಡಿಸಿದ. ಇವತ್ತು ಜಾತ್ರೇಲಿ ನೆಲದ ಮೇಲೆ ಕೂತು ಹಚ್ಚೆ ಹಾಕೋರ ಕೈಯಲ್ಲೂ ಮಷೀನೇ. ಆದ್ರೆ ಒಂದು ಮಾತು: ಹಳೇ ಕಾಲದಲ್ಲಿ ಒಂದೇ ಸೂಜಿ ಹತ್ತಾರು ಕೈ ದಾಟ್ತಿತ್ತು. ಹೆಪಟೈಟಿಸ್ ಬಿ, ಸಿ ಹರಡೋದು ಹಾಗೇನೇ. ನೀವು ಹಾಕಿಸ್ಕೊಂಡ್ರೆ ಹೊಸ ಸೂಜಿಯನ್ನ ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಆಮೇಲೆ 12 ತಿಂಗಳು ರಕ್ತದಾನ ಮಾಡೋ ಹಾಗಿಲ್ಲ, ನೆನಪಿರಲಿ.

(6/6)
ಅಜ್ಜಿಯ ಚೇಳಿನ ಫೋಟೋ ತಗೊಂಡು ಒಬ್ಬ ಟ್ಯಾಟೂ ಅಣ್ಣನಿಗೆ ತೋರಿಸಿದೆ. ಗೆರೆ ಎಲ್ಲಾ ಹರಡಿ ಮಸುಕಾಗಿದೆ, ಮೊದಲು ಹೇಗಿತ್ತು ಅಂತ ಗೊತ್ತಾಗ್ತಿಲ್ಲ ಅಂದ್ರು. ಮನೆಗೆ ಬಂದು ಅಜ್ಜಿ ಕೈಗೆ ಪೆನ್ನು ಕೊಟ್ಟೆ. ಬರೆಯೋಕೆ ಓದೋಕೆ ಬರದ ಅಜ್ಜಿ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಲ್ಲಿ, ರಂಗೋಲಿ ಎಳೆಯೋ ಥರಾನೇ, ಮೊದಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆದು ಚೇಳು ಬರೆದ್ರು. ಅದೇ ನನ್ನ ಸ್ಟೆನ್ಸಿಲ್. ಅಮ್ಮ ಇನ್ನೂ ಒಪ್ಪಿಲ್ಲ, ಅದು ಬೇರೆ ಕಥೆ.

ನಿಮ್ಮ ಅಜ್ಜಿ ಕೈಮೇಲೂ ಹಚ್ಚೆ ಇದ್ರೆ ಇವತ್ತೇ ಕೇಳಿ: ಯಾರು ಹುಯ್ದಿದ್ದು, ಏನು ಕೊಟ್ರಿ, ಯಾವ ಹಾಡು ಹೇಳಿದ್ಲು? ಕಾಮೆಂಟಲ್ಲಿ ಬರೀರಿ. ಆ ಚಿತ್ರಗಳ ಕೆಳಗೆ ಸಹಿ ಇಲ್ಲ. ಅಜ್ಜಿಯರು ಹೋದ್ರೆ ಚಿತ್ರವೂ ಹೋಗುತ್ತೆ.

#ಹಚ್ಚೆ #ಕೊರವಂಜಿ #ತುಮಕೂರು #ಅಜ್ಜಿಕೈ