ಋತುವಲ್ಲದ ಋತುವಿನ ರಕ್ತ: ಒಂದು ಲಕ್ಷಣದ ಚರಿತ್ರೆ

ಹೆಣ್ಣಿನ ಮಾಸಿಕ ಸ್ರಾವಕ್ಕೆ ನಮ್ಮ ಪೂರ್ವಿಕರು ‘ಋತು’ ಎಂಬ ಶಬ್ದವನ್ನು ಬಳಸಿದರು. ಮಳೆಗೊಂದು ಕಾಲ, ಬೆಳೆಗೊಂದು ಕಾಲ ಇರುವಂತೆ ದೇಹಕ್ಕೂ ಒಂದು ಕಾಲಕ್ರಮವುಂಟೆಂಬ ಅರಿವು ಆ ಶಬ್ದದಲ್ಲಿಯೇ ಅಡಗಿದೆ. ಹಾಗಿದ್ದ ಮೇಲೆ, ಎರಡು ಮುಟ್ಟುಗಳ ನಡುವೆ, ಕಾಲವಲ್ಲದ ಕಾಲದಲ್ಲಿ ಕಾಣಿಸಿಕೊಳ್ಳುವ ರಕ್ತದ ಅರ್ಥವೇನು? ವೈದ್ಯಶಾಸ್ತ್ರದ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಇದೂ ಒಂದು.

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ‘ಅಸೃಗ್ದರ’ವೆಂಬ ವ್ಯಾಧಿಯ ಲಕ್ಷಣವನ್ನು ಹೇಳುವಾಗ, ಅತಿಯಾದ ಸ್ರಾವದೊಡನೆ ಋತುವಲ್ಲದ ಕಾಲದ ಸ್ರಾವವನ್ನೂ ಸೇರಿಸಲಾಗಿದೆ. ಪ್ರಮಾಣ ತಪ್ಪುವುದು ಬೇರೆ, ಕಾಲ ತಪ್ಪುವುದು ಬೇರೆ ಎಂಬ ವಿವೇಚನೆ ಅಂದಿನವರಿಗೆ ಇತ್ತು. ಪಾಶ್ಚಾತ್ಯ ವೈದ್ಯರು ಈ ಎರಡಕ್ಕೂ ಗ್ರೀಕ್ ಮೂಲದ ಬೇರೆ ಬೇರೆ ಹೆಸರುಗಳನ್ನಿಟ್ಟರು. ಆದರೆ ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿಯಲಿಲ್ಲ. ಗರ್ಭಕೋಶದ ಒಳಗೆ ನಡೆಯುವುದನ್ನು ನೋಡುವ ಮಾರ್ಗವೇ ಇರಲಿಲ್ಲ.

1842ರಲ್ಲಿ ಇಟಲಿಯ ವೈದ್ಯ ರಿಗೋನಿ ಸ್ಟರ್ನ್ ವೆರೋನಾ ನಗರದ ಮರಣ ದಾಖಲೆಗಳನ್ನು ಪರಿಶೀಲಿಸಿ, ಗರ್ಭಕೋಶದ ಕ್ಯಾನ್ಸರ್ ವಿವಾಹಿತೆಯರಲ್ಲಿಯೂ ವಿಧವೆಯರಲ್ಲಿಯೂ ಹೆಚ್ಚು, ಸನ್ಯಾಸಿನಿಯರಲ್ಲಿ ವಿರಳ ಎಂದು ತೋರಿಸಿದನು. ಕಾಗದದ ಮೇಲಿನ ಈ ಎಣಿಕೆಯಲ್ಲಿದ್ದ ಸುಳಿವನ್ನು ಬಿಡಿಸಲು ಮತ್ತೆ ಸುಮಾರು ನೂರನಲವತ್ತು ವರ್ಷಗಳು ಬೇಕಾದವು.

ಈ ಕಥೆಯ ನಡುಭಾಗದಲ್ಲಿ ನಮ್ಮಂತೆಯೇ ವಲಸೆ ಬಂದ ಒಂದು ದಂಪತಿಯಿದ್ದಾರೆ. 1883ರಲ್ಲಿ ಗ್ರೀಸಿನ ಕೀಮಿ ಎಂಬ ಊರಿನಲ್ಲಿ ಹುಟ್ಟಿದ ಜಾರ್ಜ್ ಪಾಪನಿಕೊಲಾವ್, 1913ರಲ್ಲಿ ಪತ್ನಿಯೊಡನೆ ನ್ಯೂಯಾರ್ಕಿಗೆ ಬಂದಿಳಿದರು. ವೈದ್ಯಪದವೀಧರನಾದ ಆತ ಮೊದಮೊದಲು ಅಂಗಡಿಯಲ್ಲಿ ರತ್ನಗಂಬಳಿ ಮಾರಿದರು. ಪತ್ನಿ ಬಟ್ಟೆಗೆ ಗುಂಡಿ ಹೊಲಿದರು. ಮುಂದೆ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಗಿನಿಯಿಲಿಗಳ ಯೋನಿಸ್ರಾವವನ್ನು ಗಾಜಿನ ಫಲಕದ ಮೇಲೆ ಲೇಪಿಸಿ, ಸೂಕ್ಷ್ಮದರ್ಶಕದಲ್ಲಿ ಅವುಗಳ ಋತುಚಕ್ರವನ್ನು ಓದಲು ಕಲಿತರು. ಬಳಿಕ ಪತ್ನಿಯೇ ಅನೇಕ ವರ್ಷಗಳ ಕಾಲ ತನ್ನ ಮಾದರಿಗಳನ್ನು ನೀಡಿದರು. ಇಂದು ಪ್ರಪಂಚವೆಲ್ಲ ‘ಪ್ಯಾಪ್’ ಎಂದು ಗಂಡನ ಹೆಸರನ್ನು ಹೇಳುತ್ತದೆ. ಆ ಕೀರ್ತಿಯಲ್ಲಿ ಅರ್ಧ ಪಾಲು ಆಕೆಯದೆಂದು ನಾವು ಭಾವಿಸುತ್ತೇವೆ.

ಕ್ಯಾನ್ಸರ್ ಜೀವಕೋಶಗಳನ್ನು ಹೀಗೆ ಗುರುತಿಸಬಹುದೆಂದು ಅವರು 1928ರಲ್ಲಿ ಹೇಳಿದಾಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. ರುಮೇನಿಯಾದ ಔರೆಲ್ ಬಾಬೆಶ್ 1927ರಲ್ಲಿಯೇ ಸ್ವತಂತ್ರವಾಗಿ ಇದೇ ದಾರಿಯನ್ನು ತೋರಿಸಿದ್ದರು. ಹರ್ಬರ್ಟ್ ಟ್ರೌಟ್ ಅವರೊಡನೆ ಪಾಪನಿಕೊಲಾವ್ 1941ರಲ್ಲಿ ಲೇಖನವನ್ನೂ 1943ರಲ್ಲಿ ಗ್ರಂಥವನ್ನೂ ಪ್ರಕಟಿಸಿದ ಮೇಲೆ ವೈದ್ಯಲೋಕ ಕಣ್ಣು ತೆರೆಯಿತು.

ಅಷ್ಟಾದರೂ ಪರೀಕ್ಷೆ ಎಲ್ಲರನ್ನೂ ತಲುಪಲಿಲ್ಲ. ಬಾಲ್ಟಿಮೋರ್ ಬಳಿಯಲ್ಲಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಮಹಿಳೆ ಐದು ಮಕ್ಕಳ ತಾಯಿ. ಒಳಗೆ ಗಂಟಿನಂತೆ ಏನೋ ಇದೆಯೆಂದು ಆಕೆ ಹತ್ತಿರದ ಬಂಧು ಹೆಂಗಸರಲ್ಲಿ ಮಾತ್ರ ಹೇಳಿಕೊಂಡಿದ್ದಳು. ತಿಂಗಳ ದಿನವಲ್ಲದ ದಿನ ರಕ್ತ ಕಾಣಿಸಿದ ಮೇಲೆ, 1951ರ ಆರಂಭದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಗರ್ಭಕಂಠದಲ್ಲಿ ಕ್ಯಾನ್ಸರ್ ಬೆಳೆದಿತ್ತು. ರೇಡಿಯಂ ಚಿಕಿತ್ಸೆ ಫಲಿಸಲಿಲ್ಲ. ಅಕ್ಟೋಬರ್ 4ರಂದು ಆಕೆ ತೀರಿಕೊಂಡಾಗ ವಯಸ್ಸು ಕೇವಲ 31. ಆಕೆಯ ಅನುಮತಿಯಿಲ್ಲದೆ ತೆಗೆದ ಜೀವಕೋಶಗಳು ಇಂದಿಗೂ ‘ಹೀಲಾ’ ಎಂಬ ಹೆಸರಿನಿಂದ ಪ್ರಯೋಗಶಾಲೆಗಳಲ್ಲಿ ಬದುಕಿವೆ. ಪೋಲಿಯೋ ಲಸಿಕೆಯ ಪರೀಕ್ಷೆಯಲ್ಲಿಯೂ ಅವು ನೆರವಾದವು.

ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಅವರ ತಂಡ 1983 ಮತ್ತು 1984ರಲ್ಲಿ ಗರ್ಭಕಂಠದ ಕ್ಯಾನ್ಸರಿನಲ್ಲಿ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಗುರುತಿಸಿತು. ಹೆನ್ರಿಯೆಟ್ಟಾಳ ಜೀವಕೋಶಗಳಲ್ಲಿ ಇದ್ದುದೂ ಆ 18ನೆಯ ಬಗೆಯೇ. ವೆರೋನಾದ ಸನ್ಯಾಸಿನಿಯರ ಒಗಟು ಹೀಗೆ ಬಿಡಿಸಿತು: ಈ ವೈರಸ್ ಹರಡುವುದು ದೈಹಿಕ ಸಂಪರ್ಕದಿಂದ. ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು. ಅಷ್ಟರಲ್ಲಿ, 2006ರಲ್ಲಿಯೇ, ಲಸಿಕೆ ಬಂದಿತ್ತು.

ನಮ್ಮ ಬೀದರ್, ಕಲಬುರಗಿಗಳ ಗಡಿಗೆ ಹೊಂದಿಕೊಂಡ, ಆಗ ಉಸ್ಮಾನಾಬಾದ್ ಎಂಬ ಹೆಸರಿದ್ದ ಜಿಲ್ಲೆಯ ಹಳ್ಳಿಗಳ ಹೆಂಗಸರೂ ಈ ಚರಿತ್ರೆಗೆ ಒಂದು ಅಧ್ಯಾಯ ಸೇರಿಸಿದ್ದಾರೆ. 30ರಿಂದ 59 ವಯಸ್ಸಿನ 1,31,746 ಮಹಿಳೆಯರು ಭಾಗವಹಿಸಿದ ಅಧ್ಯಯನವೊಂದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ವೈರಸ್ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕಿಳಿದಿದ್ದವು.

ಇಷ್ಟನ್ನು ಕೇಳಿ ಯಾರೂ ಭಯಪಡಬೇಕಾಗಿಲ್ಲ. ನಡುವಿನ ರಕ್ತಸ್ರಾವವೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಗರ್ಭನಿರೋಧಕ ಗುಳಿಗೆ, ಹಾರ್ಮೋನುಗಳ ಏರುಪೇರು, ಸೋಂಕು, ನಿರಪಾಯದ ಪಾಲಿಪ್, ನಾರುಗೆಡ್ಡೆ ಇವೆಲ್ಲವೂ ಕಾರಣಗಳು. ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ 2011ರಲ್ಲಿ ಅಸಹಜ ಸ್ರಾವದ ಕಾರಣಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿತು. ಹಳೆಯ ಗ್ರೀಕ್ ಹೆಸರುಗಳನ್ನು ಕೈಬಿಟ್ಟು, ಸಾಮಾನ್ಯರಿಗೂ ತಿಳಿಯುವ ಸರಳ ಪದಗಳನ್ನು ಒಪ್ಪಿಕೊಂಡಿತು.

ಆದರೆ ಯಾವ ವರ್ಗವೆಂದು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು. ಕಳೆದ ವರ್ಷ ಪ್ಯಾಪ್ ಪರೀಕ್ಷೆ ಸರಿಯಾಗಿತ್ತೆಂಬ ಸಮಾಧಾನವೂ ಸಾಲದು, ಏಕೆಂದರೆ ಅದು ಲಕ್ಷಣವಿಲ್ಲದವರನ್ನು ಶೋಧಿಸುವ ಪರೀಕ್ಷೆ. ಲಕ್ಷಣ ಕಂಡವರಿಗೆ ವೈದ್ಯರ ಪ್ರತ್ಯಕ್ಷ ತಪಾಸಣೆಯೇ ಬೇಕು. ಮುಟ್ಟು ನಿಂತ ಬಳಿಕ ಒಂದು ಹನಿ ಕಂಡರೂ ಇದೇ ನಿಯಮ.

ನಮ್ಮ ಮನೆಗಳಲ್ಲಿ ‘ಹೊರಗಾಗುವುದು’ ಎಂಬ ಮಾತಿನ ಹಿಂದೆ ಬಹಳ ಕಾಲ ಬಹಳ ಸಂಗತಿಗಳು ಮರೆಯಾಗಿದ್ದವು. ಊರಿನಿಂದ ಆರು ತಿಂಗಳಿಗೆಂದು ಬಂದ ತಾಯಂದಿರು ಮಗನಿಗೆ ಖರ್ಚಾದೀತೆಂದು, ಅಳಿಯನಿಗೆ ತಿಳಿದೀತೆಂದು ಸುಮ್ಮನಿರುತ್ತಾರೆ. ಪರೀಕ್ಷೆಯಿದೆ, ಲಸಿಕೆಯಿದೆ, ಆರಂಭದಲ್ಲಿ ಕಂಡರೆ ಗುಣವಾಗುವ ಚಿಕಿತ್ಸೆಯಿದೆ. ಇವೆಲ್ಲವೂ ಕೆಲಸ ಮಾಡಬೇಕಾದರೆ ಮೊದಲು ಒಬ್ಬರು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಸಂಕೋಚವಿಲ್ಲದೆ ಕೇಳಬೇಕು. ಈ ವಾರ ತಾಯಿಯೊಡನೆ ಫೋನಿನಲ್ಲಿ ಮಾತನಾಡುವಾಗ ಮಳೆ ಬೆಳೆಗಳ ಜೊತೆಗೆ ಇದನ್ನೂ ಒಂದು ಮಾತು ವಿಚಾರಿಸೋಣ.